ಬತ್ತಿದ ಹಳ್ಳದ ಪಕ್ಕ ಹೂತುಹೋದ ಹಳೇ ಹಳ್ಳ: ಕಡೂರಿನಲ್ಲಿ ನೀರಿನ ನಕ್ಷೆ ಮಾಡಿದ ನನ್ನ ಅನುಭವ

ಹೋದ ಬೇಸಿಗೆಯಲ್ಲಿ ಕಡೂರು ಬಯಲಿನ ಒಂದು ತೆಂಗಿನ ತೋಟದಲ್ಲಿ 95 ಅಡಿಗೆ ಎರಡು ಇಂಚು ನೀರು ಬಿತ್ತು. ಅದೇ ತೋಟದಲ್ಲಿ ಮೊದಲು ಕೊರೆಸಿದ್ದ 900 ಅಡಿಯ ಎರಡು ಬೋರುಗಳಲ್ಲಿ ಬರೀ ಧೂಳು ಎದ್ದಿತ್ತು. "ಮೇಲಿನ ನೀರು ಯಾವತ್ತೋ ಮುಗಿದಿದೆ, ಸುಮ್ನೆ ತಂತಿ ಎಳೀತಾ ಇದ್ದೀಯ" ಎಂದು ಬೋರಿಗೆ ಜಾಗ ಗುರುತಿಸುವ ನಮ್ಮ ಕಸುಬಿನವರೇ ಮೂರು ವರ್ಷ ಹೇಳಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬಾಬಾಬುಡನ್‌ಗಿರಿ ಕಡೆಯಿಂದ ಬರುವ ವೇದಾ ಮತ್ತು ಆವತಿ ಕಡೂರಿನ ಹತ್ತಿರ ಕೂಡಿ ವೇದಾವತಿ ಆಗುತ್ತವೆ. ನನ್ನ ಕೆಲಸ ಅಲ್ಲಿಂದ ಕೆಳಗಿನ ನಾಲ್ಕು ಕಿಲೋಮೀಟರ್ ಬಯಲಿನಲ್ಲಿ. ಒಬ್ಬೊಬ್ಬರ ತೋಟಕ್ಕೆ ಹೋಗಿ ಪಾಯಿಂಟ್ (ಬೋರು ಕೊರೆಸುವ ಜಾಗ) ಹಾಕುವುದನ್ನು ಬಿಟ್ಟು ಇಡೀ ಬಯಲಿಗೆ ಒಂದೇ ನಕ್ಷೆ ಮಾಡಬೇಕು ಅಂತ ಹಟ ಹಿಡಿದೆ.

ಮೊದಲ ವರ್ಷ ಪೂರ್ತಿ ತಪ್ಪು ಮಾಡಿದೆ. ಹಳ್ಳದ ಉದ್ದಕ್ಕೂ ಲೈನ್ ಹಾಕಿದ್ದೆ. ಲೈನ್ ಅಂದರೆ ಸಾಲಾಗಿ ಗೂಟ ನೆಟ್ಟು, ತಂತಿ ಎಳೆದು, ನೆಲಕ್ಕೆ ಕರೆಂಟು ಬಿಟ್ಟು, ನೆಲ ಅದನ್ನು ಎಷ್ಟು ತಡೆಯುತ್ತದೆ ಅಂತ ಮೀಟರಿನಲ್ಲಿ ಅಳೆಯುವುದು. ಒಂದು ಕಡೆ ಆ ತಡೆ ಬರೀ 10, 12 ಓಮ್-ಮೀಟರ್ ಬಂತು. ತಡೆ ಕಡಿಮೆ ಅಂದರೆ ನೀರೇ ಅಂದುಕೊಂಡೆ, ಕೊರೆಸಿದರು. ಬಂದದ್ದು ಜೇಡಿಮಣ್ಣು. ಕೇಸಿಂಗ್ ಇಳಿಸಿದಷ್ಟೂ ಕುಸಿಯಿತು. ಆ ರೈತರಿಗೆ ಲಕ್ಷದ ಮೇಲೆ ಹೋಯಿತು. ನನ್ನ ಫೀಸು ವಾಪಸ್ ಕೊಟ್ಟು, ಕೇಸಿಂಗ್ ಖರ್ಚಿನಲ್ಲಿ ಅರ್ಧ ನಾನೇ ಹಾಕಿದೆ. ಆಮೇಲೆ 20ಕ್ಕಿಂತ ಕಡಿಮೆ ಬಂದರೆ ನಾನು ಯಾರಿಗೂ ಕೊರೆಸಿ ಅಂತ ಹೇಳಿಲ್ಲ. ಈ ಬಯಲಿನಲ್ಲಿ ನನಗೆ ಒಳ್ಳೆ ನೀರು ಸಿಕ್ಕಿದ್ದು 30ರಿಂದ 60ರ ಒಳಗೆ. ಇನ್ನೊಂದು ಸಲ ಮೂರು ದಿನದ ರೀಡಿಂಗ್ ಪೂರ್ತಿ ಹಾಳಾಯಿತು. ಲೈನಿನ ಪಕ್ಕದಲ್ಲೇ ಅದಕ್ಕೆ ಸಮಾನಾಂತರವಾಗಿ ತಂತಿ ಬೇಲಿ ಇತ್ತು, ಕರೆಂಟು ಅದರಲ್ಲೇ ಹರಿದಿತ್ತು.

ದಾರಿ ತೋರಿಸಿದ್ದು ಮೀಟರ್ ಅಲ್ಲ, ಹಾಳುಬಿದ್ದ ತೆರೆದ ಬಾವಿಗಳು. ಬಾವಿ ತೋಡಿದಾಗ ಹಾಕಿದ ಮಣ್ಣಿನ ದಿಬ್ಬ ಪಕ್ಕದಲ್ಲೇ ಇರುತ್ತದಲ್ವಾ? ಅದನ್ನು ಕೆದಕಿದೆ. ಈಗಿನ ಹಳ್ಳದಿಂದ ಸುಮಾರು 400 ಮೀಟರ್ ದೂರದ ಒಂದು ದಿಬ್ಬದಲ್ಲಿ ನುಣುಪಾದ ಉರುಟು ಕಲ್ಲುಗಳು ಸಿಕ್ಕವು. ಕೈಯಲ್ಲಿ ಹಿಡಿದರೆ ಭಾರ, ಅಯಸ್ಕಾಂತ ಹಿಡಿದರೆ ಅಂಟುತ್ತಿದ್ದವು. ಬಾಬಾಬುಡನ್ ಬೆಟ್ಟದ ಕಬ್ಬಿಣದ ಕಲ್ಲು! ಹೊಳೆ ಹೊತ್ತು ತರದೆ ಅವು ಅಲ್ಲಿಗೆ ಬರಲು ಸಾಧ್ಯವೇ ಇಲ್ಲ. ಅಂದರೆ ಹೊಳೆಯ ಹಳೇ ಪಾತ್ರ ಅಲ್ಲಿತ್ತು. ಅವತ್ತಿನಿಂದ ಹಳೇ ಸ್ಪೀಕರಿನ ಅಯಸ್ಕಾಂತ ನನ್ನ ಜೇಬಿನಲ್ಲೇ ಇದೆ. 40ಕ್ಕೂ ಜಾಸ್ತಿ ದಿಬ್ಬ ನೋಡಿದೆ.

ಹೀಗೆ ಹೂತುಹೋದದ್ದನ್ನು ಬೇರೆ ಕಡೆಯೂ ಹುಡುಕುತ್ತಾರೆ. ಡೆನ್ಮಾರ್ಕಿನಲ್ಲಿ ಹಿಮನದಿಗಳ ಕಾಲದ ಕಣಿವೆಗಳು ಮರಳು, ಜಲ್ಲಿ, ಜೇಡಿ ತುಂಬಿ ಹೂತುಹೋಗಿವೆ. ಅವನ್ನು ಹೆಲಿಕಾಪ್ಟರ್‌ನಿಂದ ಸರ್ವೆ ಮಾಡಿ ಹುಡುಕುತ್ತಾರೆ. ನಮ್ಮ ಪಕ್ಕದ ತುಮಕೂರು ಜಿಲ್ಲೆಯ ಅಂಕಸಂದ್ರದಲ್ಲೂ ಹೆಲಿಕಾಪ್ಟರ್ ಸರ್ವೆ ನಡೆದಿತ್ತು. ನಮ್ಮಲ್ಲಿ ಹಿಮನದಿ ಕಣಿವೆ ಇಲ್ಲ, ಮರಳಿನ ಕೆಳಗೆ ಬೇಗನೆ ಬಂಡೆ ಬರುತ್ತದೆ. ಆದರೂ ಅಲ್ಲಿಂದ ಒಂದು ವಿಷಯ ಕಲಿತೆ: ಲೈನ್ ಯಾವಾಗಲೂ ಕಣಿವೆಗೆ ಅಡ್ಡವಾಗಿ ಹಾಕಬೇಕು.

ಹಾಗೆ 300 ಮೀಟರಿಗೊಂದರಂತೆ ಅಡ್ಡ ಲೈನ್ ಹಾಕಿದೆ. ಆಗ ಎರಡು ಸಂಗತಿ ಕಂಡವು. ಹಳೇ ಪಾತ್ರದಲ್ಲಿ 15ರಿಂದ 35 ಅಡಿವರೆಗೆ ಮರಳು, ಅದರ ಕೆಳಗೆ 90 ಅಡಿವರೆಗೆ ಕೊಳೆತ ಕಲ್ಲು, ಅಂದರೆ ಸಡಿಲಾದ ಬಂಡೆ. ಎರಡನೆಯದು, ಬಯಲಿಗೆ ಅಡ್ಡವಾಗಿ ಒಂದು ಕರಿಕಲ್ಲಿನ ಡೈಕ್, ಅಂದರೆ ಗೋಡೆಯಂತೆ ನಿಂತ ಬಂಡೆ. ಅದು ನೆಲದೊಳಗಿನ ಒಡ್ಡಿನ ಹಾಗೆ ನೀರು ತಡೆದಿದೆ. ಪಾಯಿಂಟ್ ಹಾಕಿದ್ದು ಅದರ ಮೇಲ್ಗಡೆ, ಅಂದರೆ ನೀರು ಬರುವ ಕಡೆ. ಎಷ್ಟು ದೂರದಲ್ಲಿ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಒಣ ನೆಲದಲ್ಲಿ ಗೂಟಕ್ಕೆ ಹಾಕುವ ನೀರಿಗೆ ಉಪ್ಪಿನ ಜೊತೆ ಏನು ಬೆರೆಸುತ್ತೇನೆ ಅನ್ನುವುದನ್ನೂ ಹೇಳುವುದಿಲ್ಲ. ಅದಕ್ಕೆ ನಾನು ಎರಡು ಬೇಸಿಗೆ ಕೊಟ್ಟಿದ್ದೇನೆ.

ನಡುವೆ ಇನ್ನೊಂದು ಪ್ರಯೋಗ. ನೀರಿನಲ್ಲಿ ಕರಗಿದ ಲವಣ ಅಳೆಯುವ 1,200 ರೂಪಾಯಿಯ ಟಿಡಿಎಸ್ ಪೆನ್ ಹಿಡಿದು ಸುಮಾರು 60 ಬಾವಿ, ಬೋರುಗಳ ನೀರು ಅಳೆದೆ. ಆಳದ ಬೋರುಗಳಲ್ಲಿ 900ರ ಮೇಲೆ, ಹಳೇ ಪಾತ್ರದ ಗುಂಟ 350, 400. ನಕ್ಷೆಯಲ್ಲಿ ಬಣ್ಣ ಹಾಕಿದಾಗ ಸಿಹಿನೀರಿನ ಒಂದು ಪಟ್ಟಿ ತಾನಾಗೇ ಮೂಡಿತು. ಲೈನ್ ಎಳೆಯುವ ಮೊದಲೇ ಇದನ್ನು ಮಾಡಿದ್ದರೆ ಒಂದು ವರ್ಷ ಉಳಿಯುತ್ತಿತ್ತು. ನೀರಿನ ಬಿಸಿ ಅಳೆದೂ ನೋಡಿದೆ, ಅದರಿಂದ ಏನೂ ಸಿಗಲಿಲ್ಲ.

ಖರ್ಚು ನೆನಪಿನಿಂದ ಹೇಳುತ್ತೇನೆ. ಸೆಕೆಂಡ್ ಹ್ಯಾಂಡ್ ಮೀಟರ್ 65 ಸಾವಿರ, ತಂತಿ, ಗೂಟ, ಬ್ಯಾಟರಿ 15 ಸಾವಿರ, ಇಬ್ಬರು ಆಳುಗಳ ಕೂಲಿ ಮೂರು ವರ್ಷಕ್ಕೆ 80 ಸಾವಿರದ ಹತ್ತಿರ. ಕೊರೆಸಿದ ಐದು ಪಾಯಿಂಟಿನಲ್ಲಿ ನಾಲ್ಕರಲ್ಲಿ ನೀರು ಬಂತು, ಒಂದೂ 120 ಅಡಿ ದಾಟಿಲ್ಲ. ನಮ್ಮ ಕಡೆ ಇಂಥ ಲೆಕ್ಕ ಕೊಟ್ಟವರನ್ನು ನಾನು ಕಂಡಿಲ್ಲ.

ಮೇ ತಿಂಗಳಲ್ಲಿ ಟೇಪ್ ಇಳಿಸಿ ನೋಡಿದರೆ ಆ ತೋಟದ ನೀರು ಆರು ಅಡಿ ಇಳಿದಿತ್ತು. ದಿನಕ್ಕೆ ನಾಲ್ಕು ಗಂಟೆ ಮಾತ್ರ ಮೋಟರ್ ಹಾಕಿ ಎಂದು ಹೇಳಿದ್ದೇನೆ. ಡೈಕಿನ ಮೇಲ್ಗಡೆ ಮೂರು ಹಾಳು ಬಾವಿಗಳಿವೆ. ಹಳ್ಳ ಬಂದಾಗ ಆ ನೀರನ್ನು ಅವಕ್ಕೆ ತಿರುಗಿಸಲು ಕಾಲುವೆ ತೋಡುತ್ತಿದ್ದೇವೆ. ಎರಡರದ್ದು ಮುಗಿದಿದೆ, ಮೂರನೆಯದಕ್ಕೆ ಪಕ್ಕದ ಜಮೀನಿನವರು ಇನ್ನೂ ಒಪ್ಪಬೇಕು.