ಅಂಗಾಂಗ ಕಸಿಯ ನಂತರ ರಕ್ತ ಹೆಪ್ಪುಗಟ್ಟಿದರೆ: ಕೊಡಗಿನ ಮನೆಗಳಿಗೆ ಒಂದು ಕೈಪಿಡಿ

ಮೂತ್ರಪಿಂಡದ ಅಥವಾ ಯಕೃತ್ತಿನ ಕಸಿ ಮಾಡಿಸಿಕೊಂಡು ಊರಿಗೆ ಮರಳಿದವರ ಮನೆಯಲ್ಲಿ, ಕಸಿ ಮಾಡಿದ ಆಸ್ಪತ್ರೆಯ ಸಂಯೋಜಕರ ದೂರವಾಣಿ ಸಂಖ್ಯೆ ಎಲ್ಲರ ಕಣ್ಣಿಗೆ ಬೀಳುವಂತಿರಲಿ. ಹೊಸ ಅಂಗದ ರಕ್ತನಾಳ ಹೆಪ್ಪುಗಟ್ಟಿ ಮುಚ್ಚಿಹೋದರೆ ಅದನ್ನು ಉಳಿಸಿಕೊಳ್ಳಲು ಕೆಲವೇ ಗಂಟೆಗಳ ಅವಕಾಶವಿರುತ್ತದೆ. ಮಡಿಕೇರಿಯಿಂದ ಮೈಸೂರೇ ಸುಮಾರು 120 ಕಿ.ಮೀ. ದೂರ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಪಾಜೆ ಘಾಟಿಯ ರಸ್ತೆ ಮುಚ್ಚಿದ್ದನ್ನು ಕಂಡವರು ಮಳೆಗಾಲದಲ್ಲಿ ಮಂಗಳೂರಿನ ದಾರಿಯೊಂದನ್ನೇ ನಂಬಿ ಕೂರಬಾರದು. ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್ (ನಾಳದೊಳಗೆ ಕೊಳವೆ ತೂರಿಸಿ ಹೆಪ್ಪು ತೆಗೆಯುವ ವೈದ್ಯರು) ರಾತ್ರಿಯೂ ಸಿಗುವ ಆಸ್ಪತ್ರೆ ಯಾವುದೆಂದು ಬಿಡುಗಡೆಯ ದಿನವೇ ಕೇಳಿ ತಿಳಿದುಕೊಳ್ಳಿ.

ಮೂತ್ರ ಏಕಾಏಕಿ ಕಡಿಮೆಯಾಗುವುದು, ಮೂತ್ರದಲ್ಲಿ ರಕ್ತ, ಕಸಿ ಮಾಡಿದ ಜಾಗದಲ್ಲಿ ನೋವು, ಒಂದೇ ಕಾಲಿನ ಊತ, ಉಸಿರಾಟದ ತೊಂದರೆ, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಕರೆ ಮಾಡಿ; ಉಸಿರು ಕಟ್ಟಿದರೆ ನೇರವಾಗಿ 108ಕ್ಕೆ. ಯಕೃತ್ತಿನ ಅಪಧಮನಿ ಮುಚ್ಚಿದಾಗ ಹೊರಗೆ ಯಾವ ಲಕ್ಷಣವೂ ಕಾಣದೆ ರಕ್ತಪರೀಕ್ಷೆಯಲ್ಲಷ್ಟೇ ಸುಳಿವು ಸಿಗುವುದುಂಟು, ಆದ್ದರಿಂದ ತೋಟದ ಕೆಲಸದ ನೆಪದಲ್ಲಿ ಪರೀಕ್ಷೆಯ ದಿನವನ್ನು ಮುಂದೂಡಬೇಡಿ.

ಮೊದಲು ಡಾಪ್ಲರ್ ಸ್ಕ್ಯಾನ್‌ನಿಂದ ರಕ್ತದ ಹರಿವನ್ನು ನೋಡುತ್ತಾರೆ. ನಂತರ ತೊಡೆಸಂದಿನ, ಕತ್ತಿನ ಅಥವಾ ಮಣಿಕಟ್ಟಿನ ನಾಳಕ್ಕೆ ಸೂಜಿ ಚುಚ್ಚಿ, ತೆಳುವಾದ ಕ್ಯಾತಿಟರ್ ಕೊಳವೆಯನ್ನು ಎಕ್ಸ್‌ರೇ ಪರದೆಯಲ್ಲಿ ನೋಡುತ್ತಲೇ ಹೆಪ್ಪಿನವರೆಗೆ ಸಾಗಿಸಿ, ಅಲ್ಲಿಯೇ ಕರಗಿಸುವ ಔಷಧಿ ಬಿಡುತ್ತಾರೆ ಅಥವಾ ಹೆಪ್ಪನ್ನು ಹೀರಿ ತೆಗೆಯುತ್ತಾರೆ. ನಾಳ ಕಿರಿದಾಗಿದ್ದರೆ ಬಲೂನಿನಿಂದ ಹಿಗ್ಗಿಸಿ, ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆಯಾದ ಸ್ಟೆಂಟ್ ಇಡುತ್ತಾರೆ. ಕಸಿಯಾದ ಮೊದಲ ದಿನಗಳಲ್ಲಿ ಕರಗಿಸುವ ಔಷಧಿಯಿಂದ ಹಸಿಗಾಯದಲ್ಲಿ ರಕ್ತಸ್ರಾವವಾಗುವ ಅಪಾಯ ಹೆಚ್ಚು. ಆಗ ವೈದ್ಯರು ಮತ್ತೆ ಹೊಟ್ಟೆ ತೆರೆಯಬೇಕೆಂದರೆ ಆಧುನಿಕ ಚಿಕಿತ್ಸೆಯನ್ನು ನಿರಾಕರಿಸುತ್ತಿದ್ದಾರೆಂದು ಭಾವಿಸಬೇಡಿ. ಎಷ್ಟೋ ಬಾರಿ ಅದೇ ಸರಿಯಾದ ತೀರ್ಮಾನ. ಮೂತ್ರಪಿಂಡ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆಯೆಂದು ತೋರಿಸುವ ರಕ್ತಪರೀಕ್ಷೆಯ ಅಂಶವಾದ ಕ್ರಿಯಾಟಿನಿನ್ ಎಷ್ಟಿದೆಯೆಂದು ತಪ್ಪದೆ ತಿಳಿಸಿ, ಏಕೆಂದರೆ ನಾಳವನ್ನು ತೋರಿಸಲು ಬಳಸುವ ಕಾಂಟ್ರಾಸ್ಟ್ ದ್ರವ ಮೂತ್ರಪಿಂಡಕ್ಕೆ ಹೊರೆಯಾಗಬಲ್ಲದು.

ತೊಡೆಸಂದಿನಲ್ಲಿ ಚುಚ್ಚಿದ್ದರೆ ಹೇಳಿದಷ್ಟು ಹೊತ್ತು ಕಾಲು ಮಡಚದೆ ಮಲಗಬೇಕು. ರಕ್ತ ಒಸರಿದರೆ ಗಟ್ಟಿಯಾಗಿ ಒತ್ತಿ ಹಿಡಿದು ದಾದಿಯನ್ನು ಕರೆಯಬೇಕು.

ಮನೆಗೆ ಬಂದ ಮೇಲೆ ರಕ್ತ ತೆಳುವಾಗಿಸುವ ಮಾತ್ರೆಯನ್ನಾಗಲಿ, ದೇಹ ಹೊಸ ಅಂಗವನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸನ್ನಾಗಲಿ ಸ್ವಂತ ನಿರ್ಧಾರದಿಂದ ನಿಲ್ಲಿಸಬೇಡಿ. ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ತಂದು ನುಂಗಬೇಡಿ. ಹಿತ್ತಲಿನ ಚಕ್ಕೋತವನ್ನೂ ಬಿಡಿ, ಅದು ಟ್ಯಾಕ್ರೊಲಿಮಸ್ ಮಟ್ಟವನ್ನು ಏರಿಸಬಲ್ಲದು. ಮಳೆಗಾಲದ ಕಾಫಿ ತೋಟದಲ್ಲಿ ಜಿಗಣೆ ಕಚ್ಚಿದರೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ರಕ್ತ ಬೇಗ ನಿಲ್ಲುವುದಿಲ್ಲ. ಜಾಗವನ್ನು ತೊಳೆದು ಶುಭ್ರ ಬಟ್ಟೆಯಿಂದ ಬಿಡದೆ ಒತ್ತಿ ಹಿಡಿಯಿರಿ, ಆಗಲೂ ನಿಲ್ಲದಿದ್ದರೆ ಹತ್ತಿರದ ಆಸ್ಪತ್ರೆಗೆ ಮಾತ್ರೆಗಳ ಚೀಟಿಯೊಂದಿಗೆ ಹೋಗಿ.