ಟಗರಿನ ಬೆನ್ನಿಗೆ ಪ್ರೋಬ್ ಹಿಡಿದು ಕಲಿತದ್ದು

ಬಂಡೂರು ಟಗರನ್ನು ಕೊಳ್ಳುವವರು ಮೊದಲು ಅದರ ಹಿಂದೆ ನಿಂತು ನೋಡುತ್ತಾರೆ. ತೊಡೆ ತುಂಬಿಕೊಂಡು, ತಲೆಕೆಳಗಾದ ಯು ಥರ ಕಾಣಬೇಕು. ಆಮೇಲೆ ಬೆನ್ನು ತಡವುತ್ತಾರೆ. ಮಂಡ್ಯ ಕಡೆಯ ಪಶುವೈದ್ಯನಾದ ನಾನೂ ಹಾಗೇ ಕಲಿತವನು. ಆದರೆ ಬೆರಳಿಗೆ ಸಿಕ್ಕಿದ್ದು ಎಷ್ಟು ಮಾಂಸ, ಎಷ್ಟು ನೆಣ? ತಕ್ಕಡಿಯೂ ಹೇಳುವುದಿಲ್ಲ. ಹೊಟ್ಟೆ ತುಂಬ ಮೇವು, ನೀರು ಇದ್ದರೂ ತೂಕ ಜಾಸ್ತಿಯೇ ಅಲ್ವಾ? ಕೊಯ್ದರೆ ಗೊತ್ತಾಗುತ್ತದೆ, ಆದರೆ ಅಷ್ಟರಲ್ಲಿ ತಳಿಗೆ ಉಳಿಸಬೇಕಾದ ಟಗರೇ ಹೋಗಿರುತ್ತದೆ.

ಗಬ್ಬ ನೋಡಲು ಇಟ್ಟುಕೊಂಡಿದ್ದ 5 ಮೆಗಾಹರ್ಟ್ಸ್ ಅಲ್ಟ್ರಾಸೌಂಡ್ ಯಂತ್ರವನ್ನೇ ಬೆನ್ನಿಗೆ ಹಿಡಿದೆ. ಕುರಿಗೆ 13 ಜೊತೆ ಪಕ್ಕೆಲುಬು. ಕೊನೆಯದನ್ನು ಬೆರಳಲ್ಲಿ ಹುಡುಕಿ, ಅದಕ್ಕೂ 12ನೆಯದಕ್ಕೂ ನಡುವೆ ಪ್ರೋಬ್, ಅಂದರೆ ಯಂತ್ರದ ಮೈಗೆ ತಾಗಿಸುವ ಭಾಗ, ಇಡಬೇಕು. ಮೊದಲ ಸಲ ಪರದೆ ಪೂರ್ತಿ ಕಪ್ಪು. ಕೂದಲ ನಡುವೆ ಗಾಳಿ ಉಳಿದಿತ್ತು. ಅಂಗೈಯಗಲ ಬೋಳಿಸಿ ಜೆಲ್ ಸುರಿದೆ. ಆಗ ಮೇಲೆ ಚರ್ಮ, ಅದರ ಕೆಳಗೆ ನೆಣದ ತೆಳು ಪಟ್ಟಿ, ಆಮೇಲೊಂದು ಬಿಳಿ ಗೆರೆ, ಗೆರೆಯ ಕೆಳಗೆ ಬೂದು ಬಣ್ಣದ ಮಾಂಸಖಂಡ ಕಾಣಿಸಿತು.

ಚಿತ್ರ ಬಂತು, ಅಳತೆ ಮಾತ್ರ ನಿಲ್ಲಲಿಲ್ಲ. ಒಂದೇ ಟಗರಿನ ನೆಣ ಒಮ್ಮೆ 4 ಮಿ.ಮೀ., ಮತ್ತೊಮ್ಮೆ 2. ತಪ್ಪು ನನ್ನ ಕೈಯದ್ದು. ಒತ್ತಿ ಹಿಡಿದರೆ ನೆಣ ಚಪ್ಪಟೆಯಾಗುತ್ತದೆ. ಬೆನ್ನು ದುಂಡಗೆ, ಪ್ರೋಬ್ ನೇರ, ಅದಕ್ಕೇ ಸುಮ್ನೆ ಒತ್ತುತ್ತಿದ್ದೆ. ಕೈಗವಸಿಗೆ ಜೆಲ್ ತುಂಬಿ ನಡುವೆ ಇಟ್ಟ ಮೇಲೆ ಒತ್ತುವ ಅಗತ್ಯವೇ ಬೀಳಲಿಲ್ಲ. ಟಗರು ನಾಲ್ಕೂ ಕಾಲಿನ ಮೇಲೆ ಸಮನಾಗಿ ನಿಂತಿರಬೇಕು. ಬೆನ್ನು ಬಗ್ಗಿಸಿದರೆ ಮಾಂಸಖಂಡದ ಆಳವೇ ಬದಲಾಗುತ್ತದೆ. ಈಗ ಮೂರು ಸಲ ಅಳೆದು ಸರಾಸರಿ ಬರೆದುಕೊಳ್ಳುತ್ತೇನೆ.

ಮಾರಿಹಬ್ಬಕ್ಕೆ ಕೊಯ್ದ ಒಂದು ಟಗರನ್ನು ಅದೇ ಪಕ್ಕೆಲುಬುಗಳ ನಡುವೆ ಕತ್ತರಿಸಿ ಸ್ಕೇಲ್ ಇಟ್ಟೆವು. ಪರದೆಯಲ್ಲಿ 22 ಮಿ.ಮೀ. ಬಂದಿದ್ದ ಮಾಂಸ ಕೈಯಲ್ಲಿ 24 ಇತ್ತು. ತೂಗುಹಾಕಿದ ಮಾಂಸ ಆಕಾರ ಬದಲಿಸುತ್ತದೆ, ಹಾಗಾಗಿ ಇಷ್ಟು ಹತ್ತಿರ ಬಂದದ್ದೇ ನನಗೆ ಧೈರ್ಯ ಕೊಟ್ಟಿತು.

ಒಂದು ಮಿತಿಯನ್ನು ರೈತರಿಗೆ ಮೊದಲೇ ಹೇಳಿಬಿಡುತ್ತೇನೆ. ಮೂತ್ರಪಿಂಡದ ಸುತ್ತ, ಹೊಟ್ಟೆಯೊಳಗೆ ಕೂತ ನೆಣ ಈ ಅಳತೆಯಲ್ಲಿ ಸಿಗುವುದಿಲ್ಲ. ಅದಕ್ಕೆ ಸಿ.ಟಿ. ಸ್ಕ್ಯಾನ್ ಬೇಕು. ಬ್ರಿಟನ್, ನ್ಯೂಜಿಲೆಂಡ್‌ನಲ್ಲಿ ಆಯ್ದ ಟಗರುಗಳಿಗೆ ಅದನ್ನೂ ಮಾಡುತ್ತಾರೆ.

ಕಳೆದ ವರ್ಷ ಮಳವಳ್ಳಿ ಕಡೆಯ ಒಬ್ಬರ ಹಟ್ಟಿಯಲ್ಲಿ ಒಂದೇ ವಯಸ್ಸಿನ ಎರಡು ಟಗರುಗಳಿದ್ದವು. ಎರಡೂ 32 ಕಿಲೋ. ಒಂದರ ಬೆನ್ನಿನ ಮಾಂಸ 20 ಮಿ.ಮೀ., ಇನ್ನೊಂದರದ್ದು 25. ನೋಡಲು ಚೆಂದವಿದ್ದದ್ದು ಮೊದಲನೆಯದು. ಮಾಲೀಕರು ಎರಡು ದಿನ ಯೋಚಿಸಿ ಎರಡನೆಯದನ್ನು ಉಳಿಸಿಕೊಂಡರು. ಅದರ ಮರಿಗಳಿಗೆ ಈಗ ಮೂರು ತಿಂಗಳು. ಆರು ತುಂಬಿದ ಮೇಲೆ ಅವುಗಳ ಬೆನ್ನನ್ನೂ ನೋಡಬೇಕು.