ರೆಡ್ ಡೆಡ್ ರಿಡೆಂಪ್ಶನ್ 2: ಬೆನ್ನು ಹತ್ತಿದವರ ಗುಂಡೇಟಿನಿಂದ ಪಾರಾಗುವುದು ಹೀಗೆ

ಮಂಗಳೂರಿನ ಗೇಮಿಂಗ್ ಸೆಂಟರ್ ಇರಲಿ, ಮಣಿಪಾಲದ ಹಾಸ್ಟೆಲ್ ರೂಮ್ ಇರಲಿ, ಒಬ್ಬನ ಕೈಯಲ್ಲಿ ಕಂಟ್ರೋಲರ್ ಇದ್ದರೆ ಹಿಂದೆ ನಾಲ್ಕು ಜನ ‘ಹೊಡಿ, ಹೊಡಿ’ ಅಂತ ಕೂಗುತ್ತಿರುತ್ತಾರೆ. ಆ ಮಾತು ಕೇಳಿದರೆ ಈ ಕೌಬಾಯ್ ಗೇಮಿನಲ್ಲಿ ನೀವು ಆಡಿಸುವ ದರೋಡೆಕೋರ ಆರ್ಥರ್‌ನ ಕಥೆ ಮುಗಿಯಿತು. ಊರೊಳಗೆ ಪೊಲೀಸರನ್ನು ಹೊಡೆದು ಖಾಲಿ ಮಾಡಲು ಆಗುವುದಿಲ್ಲ. ಒಂದು ತಂಡ ಬಿದ್ದರೆ ಇನ್ನೊಂದು ಬರುತ್ತದೆ, ಬಿದ್ದವರ ಲೆಕ್ಕದಲ್ಲಿ ನಿಮ್ಮ ತಲೆಯ ಮೇಲಿನ ಬೌಂಟಿಯೂ (ಹಿಡಿದವರಿಗೆ ಕೊಡುವ ಬಹುಮಾನದ ಹಣ) ಏರುತ್ತದೆ. ಗುಂಡು ಹಾರಿಸುವುದು ದಾರಿ ಬಿಡಿಸಿಕೊಳ್ಳಲು ಮಾತ್ರ.

ಹೆಚ್ಚಿನವರು ಎಡವುವುದು ಜಗಳ ಶುರುವಾಗುವ ಮೊದಲೇ. ಆರ್ಥರ್ ಮೈಮೇಲೆ ಹೊರುವುದು ಎರಡೇ ಉದ್ದ ಬಂದೂಕು, ಉಳಿದವೆಲ್ಲ ಕುದುರೆಯ ಮೇಲೆ. ಕುದುರೆಯಿಂದ ಇಳಿಯುವ ಮೊದಲು ವೆಪನ್ ವೀಲ್ (ಆಯುಧ ಆರಿಸುವ ಚಕ್ರ) ತೆರೆದು ಎರಡನ್ನೂ ಆರಿಸಿಕೊಳ್ಳಿ. ಮರೆತರೆ ವ್ಯಾಲೆಂಟೈನ್ ಊರಿನ ಕೆಸರು ಬೀದಿಯ ನಡುವೆ ಸೊಂಟದ ಒಂದು ರಿವಾಲ್ವರ್ ಹಿಡಿದು ನಿಲ್ಲಬೇಕಾಗುತ್ತದೆ. ಒಂದು ಲ್ಯಾಂಕಾಸ್ಟರ್ ರಿಪೀಟರ್, ಒಂದು ಪಂಪ್ ಶಾಟ್‌ಗನ್ ಸಾಕು. ಲ್ಯಾಂಕಾಸ್ಟರ್‌ನಲ್ಲಿ 14 ಗುಂಡು, ಕಾರ್ಬೈನ್ ರಿಪೀಟರ್‌ನಲ್ಲಿ ಬರೀ 7. ಗದ್ದಲದ ನಡುವೆ ಲೋಡ್ ಮಾಡುತ್ತಾ ಕೂರುವ ಆ ನಾಲ್ಕು ಕ್ಷಣವೇ ಜೀವ ತೆಗೆಯುತ್ತದೆ. ಮಳೆ, ಕೆಸರಿನಲ್ಲಿ ಓಡಾಡಿದ ಬಂದೂಕಿಗೆ ಗನ್ ಆಯಿಲ್ ಹಚ್ಚಿ. ಕೊಳೆ ಹಿಡಿದದ್ದರ ಪೆಟ್ಟಿನ ಬಲ ಕುಗ್ಗಿರುತ್ತದೆ. ಮುಖಕ್ಕೆ ಬಂಡಾನ ಕಟ್ಟುವುದಿದ್ದರೆ ತಂಟೆಗೆ ಮೊದಲೇ ಕಟ್ಟಿ, ಗುರುತು ಸಿಕ್ಕ ಮೇಲೆ ಕಟ್ಟಿ ಫಲವಿಲ್ಲ.

ಗುಂಡು ಶುರುವಾದ ತಕ್ಷಣ ಪ್ಲೇಸ್ಟೇಷನ್ ಕಂಟ್ರೋಲರ್‌ನ ಆರ್1 ಒತ್ತಿ ಗೋಡೆಯ ಮರೆಗೆ ಹೋಗಿ. ಮರದ ಪೀಪಾಯಿಗಿಂತ ಕಟ್ಟಡದ ಮೂಲೆ ಒಳ್ಳೆಯದು, ಒಂದೇ ಕಡೆಯಿಂದ ಮಾತ್ರ ಬರುತ್ತಾರೆ. ಎಲ್2 ಹಿಡಿದು ಆರ್3 ಒತ್ತಿದರೆ ಡೆಡ್ ಐ, ಅಂದರೆ ಸಮಯ ನಿಧಾನವಾಗಿ ಗುರಿಯಿಡಲು ಬಿಡುವು ಸಿಗುತ್ತದೆ. ಮೊದಲ ಹಂತದಲ್ಲಿ ಗುರುತು ತಾನಾಗಿ ಬೀಳುತ್ತದೆ, ಎರಡನೇ ಹಂತದಿಂದ ನೀವೇ ಆರ್1ನಿಂದ ಹಾಕಬೇಕು. ಇಲ್ಲಿ ದುರಾಸೆ ಬೇಡ. ಆರು ಜನ ಕಂಡರೂ ನಿಮ್ಮ ಮತ್ತು ಕುದುರೆಯ ನಡುವೆ ಇರುವ ಇಬ್ಬರ ತಲೆಗೆ ಮಾತ್ರ ಗುರುತಿಡಿ. ಡೆಡ್ ಐ ಮೀಟರ್ ಅರ್ಧ ಉಳಿದಿರಲಿ, ಓಡುವಾಗ ಬೇಕಾಗುತ್ತದೆ. ಖಾಲಿಯಾದರೆ ಸ್ನೇಕ್ ಆಯಿಲ್ ಕುಡಿಯಿರಿ, ಆದರೆ ಮರೆಯಲ್ಲಿ ನಿಂತು.

ಕುದುರೆ ಹತ್ತಿದ ಮೇಲಿನ ಕೆಲಸವೇ ಬೇರೆ. ಎಕ್ಸ್ ಬಟನ್ ಗುದ್ದುತ್ತಲೇ ಇರುವುದು ದೊಡ್ಡ ತಪ್ಪು. ಗೊರಸಿನ ಸದ್ದಿಗೆ ಸರಿಯಾಗಿ ಒತ್ತಿ, ಸ್ಟ್ಯಾಮಿನಾ ನಿಧಾನ ಇಳಿಯುತ್ತದೆ. ಚೆಂಡೆಯ ಪೆಟ್ಟಿಗೆ ಹೆಜ್ಜೆ ಇಡುವುದನ್ನು ಚಿಕ್ಕಂದಿನಿಂದ ನೋಡಿದ ಕಿವಿಗೆ ಇದು ಬೇಗ ಸಿಗುತ್ತದೆ. ಕುದುರೆ ಬೆದರಿ ಕೆನೆದಾಗ ಎಲ್3 ಒತ್ತಿ ಸಮಾಧಾನ ಮಾಡಿ, ಇಲ್ಲವಾದರೆ ಅದು ನಿಮ್ಮನ್ನೇ ಕೆಡವುತ್ತದೆ. ಹಿಂದಕ್ಕೆ ತಿರುಗಿ ಗುರಿಯಿಟ್ಟಷ್ಟು ಹೊತ್ತು ಮುಂದಿನ ದಾರಿ ಕಾಣುವುದಿಲ್ಲ. ಬೆನ್ನಟ್ಟಿದವರ ಗುಂಡಿಗಿಂತ ಎದುರಿಗೆ ಬಂದ ಮರವೇ ಹೆಚ್ಚು ಜನರನ್ನು ಸಿಕ್ಕಿಸುತ್ತದೆ. ಬಯಲಲ್ಲಿ ಬೇಕಾದರೆ ತಿರುಗಿ ಅತಿ ಹತ್ತಿರದವನಿಗೆ ಒಂದೆರಡು ಗುಂಡು ಹಾರಿಸಿ, ಮರಗಳ ನಡುವೆ ಮಾತ್ರ ಬೇಡ.

ಹೋಗುವುದು ಎಲ್ಲಿಗೆ? ವ್ಯಾಲೆಂಟೈನ್‌ನಿಂದಾದರೆ ಹಾರ್ಟ್‌ಲ್ಯಾಂಡ್ಸ್ ಬಯಲಿಗೆ ಹೋಗಬೇಡಿ, ಮೈಲು ದೂರದಿಂದಲೂ ಕಾಣುತ್ತೀರಿ. ಉತ್ತರದ ಕಂಬರ್ಲ್ಯಾಂಡ್ ಕಾಡಿಗೆ ನುಗ್ಗಿ. ಪೊಲೀಸರು ನಿಮ್ಮನ್ನು ಹುಡುಕುವ, ಮ್ಯಾಪಿನ ಕೆಂಪು ವಲಯ ದಾಟುವುದು ಅರ್ಧ ಕೆಲಸ, ಕಣ್ಣಿಗೆ ಬೀಳದಿರುವುದು ಇನ್ನರ್ಧ. ಹುಡುಕುವವರ ಚುಕ್ಕಿಯ ಮುಂದೆ ಕಾಣುವ ಕೋನ ಅವರ ನೋಟ. ಅದು ನಿಮ್ಮನ್ನು ಮುಟ್ಟದಂತೆ ಬಂಡೆಯ ಆಚೆ ಸರಿಯಿರಿ. ಕಾಣದೆ ಇದ್ದರೆ ಅಲ್ಲೇ ನಿಲ್ಲಿ. ‘ಇನ್ನು ಸ್ವಲ್ಪ ದೂರ’ ಅಂತ ಹೊರಟವರು ನೇರ ಅವರ ಎದುರಿಗೇ ಹೋಗಿ ಬೀಳುತ್ತಾರೆ.

ಇನ್ನೊಂದು ಮಾತು ನಮ್ಮ ಕರಾವಳಿಯವರಿಗೇ. ಬೆನ್ನಟ್ಟುವಿಕೆ ನಡೆಯುವಾಗ ಕೈಯಿಂದ ಸೇವ್ ಮಾಡಲು ಗೇಮ್ ಬಿಡುವುದಿಲ್ಲ. ಜೂನ್, ಜುಲೈ ಮಳೆಗೆ ಕರೆಂಟ್ ಯಾವಾಗ ಹೋಗುತ್ತದೆ ಹೇಳಲಾಗದು. ಯುಪಿಎಸ್ ಇಲ್ಲದಿದ್ದರೆ ಊರಿಗೆ ಕಾಲಿಡುವ ಮೊದಲೇ ಸೇವ್ ಮಾಡಿಡಿ.

ಪಾರಾದ ಮೇಲೂ ಬೌಂಟಿ ಹಾಗೇ ಇರುತ್ತದೆ. ಅದು ರಾಜ್ಯಕ್ಕೆ ಬೇರೆ ಬೇರೆ: ನ್ಯೂ ಹ್ಯಾನೋವರ್‌ನಲ್ಲಿ ಬಿದ್ದದ್ದು ಲೆಮೋಯ್ನ್‌ಗೆ ಹಿಂಬಾಲಿಸುವುದಿಲ್ಲ. ರೈಲ್ವೆ ಸ್ಟೇಷನ್ನಿನ ಅಂಚೆ ಕೌಂಟರ್‌ನಲ್ಲಿ ಕಟ್ಟಿಬಿಡಿ. ಕಟ್ಟದೆ ಅದೇ ರಾಜ್ಯದಲ್ಲಿ ಅಲೆದರೆ ಬೌಂಟಿ ಹಂಟರ್‌ಗಳು ನಾಯಿ ಸಮೇತ ಬರುತ್ತಾರೆ, ಅದೂ ನೀವು ಜಿಂಕೆಯ ಚರ್ಮ ಸುಲಿಯುತ್ತಾ ಕೂತಿರುವಾಗ.